ಒಂದು ಜಿಬಿ ಇದ್ದೂ ‘ಮೆಮೊರಿ ಸಾಲದು’: ಗದಗಿನ ಪ್ರೆಸ್ಸೊಂದರ ವಿಂಡೋಸ್ 98 ಪ್ರಕರಣ

ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎಂದು ಕರೆಯುವುದುಂಟು. ಅಲ್ಲಿನ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನ ಡಿಟಿಪಿ ಕಂಪ್ಯೂಟರಿನ ಪ್ರಕರಣ ಇದು. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ, ಮಠವೊಂದರ ಮಾಸಪತ್ರಿಕೆ, ಯುಗಾದಿಗೆ ಮುಂಚೆ ಪಂಚಾಂಗ: ಇವೇ ಆ ಪ್ರೆಸ್ಸಿನ ಜೀವನ. ಪುಟ ಕಟ್ಟುವುದು ಪೇಜ್‌ಮೇಕರ್ 6.5 ತಂತ್ರಾಂಶದಲ್ಲಿ. ಲೇಸರ್ ಪ್ರಿಂಟರಿನಿಂದ ಬಟರ್ ಪೇಪರಿನ ಮೇಲೆ ಔಟ್‌ಪುಟ್ ತೆಗೆದು, ಅದರಿಂದ ಪ್ಲೇಟ್ ಮಾಡಿ, ಯಂತ್ರಕ್ಕೆ ಏರಿಸುತ್ತಾರೆ.

ಇಷ್ಟಕ್ಕೂ ನಡುವೆ ಕೂತಿದ್ದದ್ದು ಪೆಂಟಿಯಂ 3 ಕಂಪ್ಯೂಟರು, 128 ಎಂಬಿ ರ‍್ಯಾಮ್ (ಕೆಲಸದ ವೇಳೆ ಬಳಸುವ ಮೆಮೊರಿ), ವಿಂಡೋಸ್ 98 ಸೆಕೆಂಡ್ ಎಡಿಷನ್. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಅದು ಸತ್ತಿತು. ಮಾಲೀಕರು ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ಪೆಂಟಿಯಂ 4 ತಂದರು: ಇಂಟೆಲ್ 865 ಚಿಪ್‌ಸೆಟ್‌ನ ಬೋರ್ಡು, 512 ಎಂಬಿಯ ಎರಡು ರ‍್ಯಾಮ್ ಕಡ್ಡಿ. ಆಯ್ಕೆ ಕೆಟ್ಟದ್ದೇನಲ್ಲ. 865 ಬಂದದ್ದು 2003ರಲ್ಲಿ. ಆ ಹೊತ್ತಿನ ಬೋರ್ಡುಗಳಿಗೆ ವಿಂಡೋಸ್ 98ರ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಇನ್ನೂ ಸಿಗುತ್ತಿತ್ತು, ಹಿಂಬದಿಯಲ್ಲಿ ಹಳೆಯ ಪ್ರಿಂಟರುಗಳನ್ನು ಸಿಕ್ಕಿಸುವ ಪ್ಯಾರಲಲ್ ಪೋರ್ಟೂ ಇರುತ್ತಿತ್ತು. ಆ ಪೋರ್ಟು ಇಲ್ಲಿ ಎಷ್ಟು ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಹಳೇ ಹಾರ್ಡ್‌ಡಿಸ್ಕನ್ನು ಹೊಸ ಯಂತ್ರಕ್ಕೆ ಹಾಕಿ ಚಾಲೂ ಮಾಡಿದರೆ, ವಿಂಡೋಸ್ ತೆರೆಯುವ ಮೊದಲೇ ಕಪ್ಪು ಪರದೆಯ ಮೇಲೆ ಒಂದು ಸಂದೇಶ. ಅದರ ಸಾರ: ವಿಂಡೋಸ್ ಶುರು ಮಾಡುವಷ್ಟು ಮೆಮೊರಿ ಇಲ್ಲ; ಮೆಮೊರಿಯಲ್ಲಿ ಕೂತಿರುವ ಪ್ರೋಗ್ರಾಂಗಳನ್ನು ಮುಚ್ಚಿ, ಕಾನ್‌ಫಿಗ್ ಮತ್ತು ಆಟೋಎಕ್ಸೆಕ್ ಕಡತಗಳಿಂದ (ಚಾಲೂ ಆಗುವಾಗ ಯಂತ್ರ ಓದುವ ಕಡತಗಳು) ಬೇಡದ್ದನ್ನು ತೆಗೆದು ಮತ್ತೆ ಚಾಲೂ ಮಾಡಿ.

“ಸರ, ಹಳೇ ಮಷಿನ್ನ್ಯಾಗ 128 ಎಂಬಿ ಇತ್ತು, ಎಂದೂ ತಕರಾರು ಮಾಡಲಿಲ್ಲ. ಇದರಾಗ ಒಂದು ಜಿಬಿ ಐತಿ, ಮೆಮೊರಿ ಸಾಲೂದಿಲ್ಲ ಅಂತೈತಿ. ಹೆಂಗ್ರಿ ಇದು?” ಎಂದು, ರಿಪೇರಿಗೆ ಹೋದ ನನ್ನನ್ನು ಮಾಲೀಕರು ಕೇಳಿದರು. ಈ ಪ್ರಕರಣದ ಗಂಟು ಇರುವುದೂ ಆ ಪ್ರಶ್ನೆಯಲ್ಲೇ.

ವಿಂಡೋಸ್ 98 ಬಿಡಲಾಗದ ಕಾರಣ

“ವಿಂಡೋಸ್ ಎಕ್ಸ್‌ಪಿ ಹಾಕಿ ಮುಗಿಸಿ” ಎಂಬ ಸಲಹೆ ಮೊದಲೇ ಬಂದಿತ್ತು. ಪೇಜ್‌ಮೇಕರ್ ಎಕ್ಸ್‌ಪಿಯಲ್ಲಿ ಓಡುತ್ತದೆ, ಅಡ್ಡಿ ಅದರದಲ್ಲ. ಕನ್ನಡ ಲಿಪಿ ತಂತ್ರಾಂಶವೇ ಅಡ್ಡಿ. ಪ್ರೆಸ್ಸಿನಲ್ಲಿದ್ದ ಆವೃತ್ತಿಯ ಕೀಲಿಮಣೆ ಡ್ರೈವರು ವಿಎಕ್ಸ್‌ಡಿ ಬಗೆಯದು. ವಿಂಡೋಸ್ 95, 98, ಮಿಲೇನಿಯಂನಂಥ ಹಳೆಯ ವಿಂಡೋಸ್‌ಗಳಲ್ಲಿ ಮಾತ್ರ ಆ ಬಗೆಯ ಡ್ರೈವರ್ ನಡೆಯುತ್ತದೆ. ಎನ್‌ಟಿ ಎಂಬ ಬೇರೆ ಬುಡದಿಂದ ಬೆಳೆದ ವಿಂಡೋಸ್ 2000, ಎಕ್ಸ್‌ಪಿ ಮತ್ತು ಆಮೇಲಿನವು ಅದನ್ನು ಮುಟ್ಟುವುದೇ ಇಲ್ಲ. ಜೊತೆಗೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲಾಕ್, ಅಂದರೆ ತಂತ್ರಾಂಶದ ನಕಲು ತಡೆಯುವ ಸಣ್ಣ ಸಾಧನ. ಆ ಲಾಕ್ ಕಾಣದಿದ್ದರೆ ಅಕ್ಷರ ಮೂಡುವುದಿಲ್ಲ.

ಹೊಸ ಆವೃತ್ತಿ ಕೊಂಡರೆ ಆಗದೇ ಎಂದರೆ, ಅದರ ಫಾಂಟುಗಳ ಸಂಕೇತಕ್ರಮ ಬೇರೆ. ಎಲ್ಲರಿಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಒಂದೊಂದು ತಯಾರಕರದು ಒಂದೊಂದು ಲೆಕ್ಕ. ಒಂದರಲ್ಲಿ ‘ಕ’ ಕೂತ ಸ್ಥಾನದಲ್ಲಿ ಇನ್ನೊಂದರಲ್ಲಿ ಒತ್ತಕ್ಷರ ಕೂತಿರಬಹುದು. ಹಳೆಯ ಕಡತವನ್ನು ಹೊಸ ಫಾಂಟಿನಲ್ಲಿ ತೆರೆದರೆ ಪುಟದ ತುಂಬ ಕಲಸುಮೇಲೋಗರ. ಆ ಡಿಸ್ಕಿನಲ್ಲಿ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು, ಊರಿನ ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು, ಪಂಚಾಂಗದ ಕೋಷ್ಟಕಗಳು ಇದ್ದವು. ಕೆಲವು ಪುಸ್ತಕಗಳ ಹಸ್ತಪ್ರತಿ ಈಗ ಯಾರ ಬಳಿಯೂ ಇಲ್ಲ. ಆ ಕಡತವೇ ಮೂಲ. ಹಳೇ ಸಾಫ್ಟ್‌ವೇರಿಗೆ ಅಂಟಿಕೊಂಡವರನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಆದರೆ ಈ ಪ್ರೆಸ್ಸು ಅದನ್ನು ಇಟ್ಟುಕೊಂಡದ್ದು ತನ್ನ ಪಠ್ಯವನ್ನು ಉಳಿಸಿಕೊಳ್ಳಲು. ಪಂಚಾಂಗದ ಪ್ರೂಫು ಅರ್ಧಕ್ಕೆ ನಿಂತಿತ್ತು, ಯುಗಾದಿ ಹತ್ತಿರದಲ್ಲಿತ್ತು.

ಕೆಟ್ಟದ್ದು ರ‍್ಯಾಮ್ ಅಲ್ಲ

ನಾನು ಹೋಗುವ ಹೊತ್ತಿಗೆ ಎರಡು ಪ್ರಯತ್ನ ಆಗಿದ್ದವು. ಸಂದೇಶ ಹೇಳಿದಂತೆ ಕಾನ್‌ಫಿಗ್ ಮತ್ತು ಆಟೋಎಕ್ಸೆಕ್ ಕಡತಗಳನ್ನು ಬರಿದು ಮಾಡಿದ್ದರು. ರ‍್ಯಾಮ್ ಕೆಟ್ಟಿದೆ ಎಂದು ಅಂಗಡಿಯಿಂದ ಬೇರೆ ಕಡ್ಡಿಗಳನ್ನೂ ತಂದು ಹಾಕಿದ್ದರು. ಎರಡೂ ಸಲ ಅದೇ ಸಂದೇಶ.

ರ‍್ಯಾಮ್ ಮೇಲಿನ ಅನುಮಾನ ಸಹಜ, ಅದನ್ನು ಮೊದಲು ತೀರಿಸಿಕೊಳ್ಳಬೇಕು. ಮೆಮ್‌ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂ ಓಡಿಸಿದೆ; ದೋಷವಿಲ್ಲ. ಆಮೇಲೆ ಒಂದು ಕಡ್ಡಿ ತೆಗೆದೆ. ವಿಂಡೋಸ್ 98 ಏನೂ ಆಗದವರಂತೆ ತೆರೆದುಕೊಂಡಿತು. ಒಳಗಿದ್ದ ಕಡ್ಡಿ ತೆಗೆದು ಇನ್ನೊಂದನ್ನು ಮಾತ್ರ ಹಾಕಿದೆ, ಆಗಲೂ ತೆರೆಯಿತು. ಸ್ಲಾಟ್ ಬದಲಿಸಿದರೂ ತೆರೆಯಿತು. ಎರಡೂ ಕಡ್ಡಿ ಒಟ್ಟಿಗೆ ಇದ್ದಾಗ ಮಾತ್ರ ನಿಲ್ಲುತ್ತಿತ್ತು. ಬಿಡಿಬಿಡಿಯಾಗಿ ಎಲ್ಲವೂ ಸರಿಯಿದ್ದು ಕೂಡಿದಾಗ ಕೆಡುತ್ತದೆ ಎಂದರೆ, ಬದಲಿಸಬೇಕಾದ ಭಾಗ ಯಾವುದೂ ಇಲ್ಲ. ತೊಂದರೆ ಮೊತ್ತದಲ್ಲಿದೆ.

ಇಂಥ ಪರೀಕ್ಷೆಗೆ ಹಣ ಬೇಕಿಲ್ಲ, ಸ್ವಲ್ಪ ತಾಳ್ಮೆ ಸಾಕು. ಆದರೂ ಇದನ್ನು ಮಾಡುವ ಮೊದಲೇ ಬೋರ್ಡು ಬದಲಿಸಿದವರನ್ನು ನಾನು ನೋಡಿದ್ದೇನೆ.

ಜಾಗ ಖಾಲಿ, ವಿಳಾಸ ಮುಗಿದಿದೆ

ವಿಂಡೋಸ್ 98 ಒಂದು 32 ಬಿಟ್ ವ್ಯವಸ್ಥೆ. 32 ಬಿಟ್‌ಗಳಲ್ಲಿ ಬರೆಯಬಹುದಾದ ಮೆಮೊರಿ ವಿಳಾಸಗಳು ಒಟ್ಟು 4 ಜಿಬಿಯಷ್ಟು. ಯಂತ್ರದಲ್ಲಿ 128 ಎಂಬಿ ಇರಲಿ, ಒಂದು ಜಿಬಿ ಇರಲಿ, ವಿಳಾಸದ ವಿಸ್ತಾರ ಅಷ್ಟೇ. ಈ 4 ಜಿಬಿಯನ್ನು ವಿಂಡೋಸ್ 98 ಪಾಲು ಹಾಕಿಕೊಳ್ಳುತ್ತದೆ. ಕೆಳಗಿನ 2 ಜಿಬಿ ಆಯಾ ಪ್ರೋಗ್ರಾಮಿಗೆ. 2ರಿಂದ 3 ಜಿಬಿವರೆಗಿನದು ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಜಾಗ. 3ರಿಂದ 4 ಜಿಬಿವರೆಗಿನ ಕೊನೆಯ ಒಂದು ಜಿಬಿ ವಿಂಡೋಸ್‌ನ ಒಳಗಿನ ಕೆಲಸಕ್ಕೆ: ಡ್ರೈವರುಗಳು, ಡಿಸ್ಕಿನ ಕ್ಯಾಶ್, ಪರದೆಯ ಕಾರ್ಡಿನ ಮೆಮೊರಿ, ಡಾಸ್ (ವಿಂಡೋಸ್‌ಗೂ ಹಿಂದಿನ ವ್ಯವಸ್ಥೆ) ಕಿಟಕಿ ತೆರೆದಾಗ ಹುಟ್ಟುವ ಹೊಸ ವರ್ಚುವಲ್ ಯಂತ್ರ (ತಂತ್ರಾಂಶದಲ್ಲೇ ರೂಪುಗೊಳ್ಳುವ ಕಂಪ್ಯೂಟರು), ಎಲ್ಲವೂ ಇಷ್ಟರಲ್ಲೇ ಹಿಡಿಯಬೇಕು.

ಡಿಸ್ಕಿನಿಂದ ಓದಿದ್ದನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಕೆಲಸ ವಿಕ್ಯಾಶ್ ಎಂಬ ಡ್ರೈವರಿನದು. ಚಾಲೂ ಆಗುವಾಗ ಅದು ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದೆ ಎಂದು ನೋಡಿ, ತಾನು ಹೆಚ್ಚೆಂದರೆ ಎಷ್ಟು ದೊಡ್ಡದಾಗಿ ಬೆಳೆಯಬಹುದು ಎಂದು ಲೆಕ್ಕ ಹಾಕುತ್ತದೆ. ಹಾಗೆ ಬೆಳೆಯಲು ಬೇಕಾಗುವ ಅಷ್ಟೂ ವಿಳಾಸಗಳನ್ನು ಆ ಕ್ಷಣವೇ ಕಾದಿರಿಸುತ್ತದೆ. ರ‍್ಯಾಮನ್ನಲ್ಲ, ವಿಳಾಸಗಳನ್ನು. ಆ ಕಾದಿರಿಸುವಿಕೆ ನಡೆಯುವುದು ಕೊನೆಯ ಒಂದು ಜಿಬಿಯಲ್ಲೇ. 128 ಎಂಬಿ ಯಂತ್ರದಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ರ‍್ಯಾಮ್ ಒಂದು ಜಿಬಿಗೆ ಹತ್ತಿರವಾದಾಗ ವಿಕ್ಯಾಶ್ ಒಂದೇ ಆ ಪಾಲಿನ ಬಹುಭಾಗವನ್ನು ನುಂಗಿಬಿಡುತ್ತದೆ. ಬಡಾವಣೆಯಲ್ಲಿ ಸೈಟುಗಳೆಲ್ಲ ಖಾಲಿ ಬಿದ್ದಿವೆ, ಆದರೆ ಎಲ್ಲವನ್ನೂ ಒಬ್ಬನೇ ಮುಂಗಡ ಬರೆಸಿಕೊಂಡಿದ್ದಾನೆ, ಮನೆ ಕಟ್ಟಲು ಬಂದವನಿಗೆ ನಂಬರೇ ಸಿಗುವುದಿಲ್ಲ, ಅಂಥ ಸ್ಥಿತಿ. ಆಗ ವಿಂಡೋಸ್ ‘ಮೆಮೊರಿ ಸಾಲದು’ ಎನ್ನುತ್ತದೆ. ಸಾಲದೆ ಹೋದದ್ದು ವಿಳಾಸ.

ಪರದೆಯ ಕಾರ್ಡು ಎಜಿಪಿ ಬಗೆಯದಾಗಿದ್ದರೆ ಇಕ್ಕಟ್ಟು ಇನ್ನೂ ಬೇಗ ಬರುತ್ತದೆ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ) ಎಜಿಪಿ ಅಪರ್ಚರ್ ಎಂಬ ಅಂಕಿ ಇರುತ್ತದಲ್ಲ, 64, 128, 256 ಎಂಬಿ ಎಂದು. ಅಷ್ಟು ವಿಳಾಸವೂ ಇದೇ ಕೊನೆಯ ಜಿಬಿಯಿಂದ ಹೋಗುತ್ತದೆ. ಮೈಕ್ರೋಸಾಫ್ಟ್ ತಾನೇ ಬರೆದ ಟಿಪ್ಪಣಿಯಲ್ಲಿ ಉದಾಹರಣೆ ಕೊಟ್ಟಿತ್ತು: ವಿಕ್ಯಾಶ್ 800 ಎಂಬಿ, ಅಪರ್ಚರ್ 128 ಎಂಬಿ ಹಿಡಿದರೆ ಉಳಿದ ಕೆಲಸಗಳಿಗೆ ಜಾಗ ತೀರಾ ಕಡಿಮೆ. 1024ರಲ್ಲಿ 928 ಹೋದರೆ ಉಳಿಯುವುದು 96. ಅಷ್ಟರಲ್ಲೇ ಡ್ರೈವರುಗಳೆಲ್ಲ ಹಿಡಿಯಬೇಕು. 1998ರಲ್ಲಿ ಮನೆ, ಕಚೇರಿಗಳ ಕಂಪ್ಯೂಟರಿಗೆ 32 ಅಥವಾ 64 ಎಂಬಿ ಇದ್ದರೆ ಮೆಚ್ಚುಗೆಯ ಮಾತು. ಒಂದು ಜಿಬಿಯ ಡಿಟಿಪಿ ಯಂತ್ರವನ್ನು ಯಾರೂ ಊಹಿಸಿರಲಿಲ್ಲ. ಒಂದೂವರೆ ಜಿಬಿ ದಾಟಿದರಂತೂ ವಿಂಡೋಸ್ 98 ಮತ್ತು ಮಿಲೇನಿಯಂ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇರಬಹುದು ಎಂಬ ಎಚ್ಚರಿಕೆಯೂ ಅದೇ ಕಂಪನಿಯ ಇನ್ನೊಂದು ಟಿಪ್ಪಣಿಯಲ್ಲಿತ್ತು.

ಒಂದು ಕಡ್ಡಿ ತೆಗೆದರೆ ಮುಗಿಯಿತಲ್ಲವೇ

ನಿಜ, ಅದೇ ಅತಿ ಸುಲಭದ ಪರಿಹಾರ. ಆದರೆ ಮಾಲೀಕರಿಗೆ ಅದೇ ಯಂತ್ರದಲ್ಲಿ ಎಕ್ಸ್‌ಪಿಯೂ ಬೇಕಿತ್ತು: ಗಿರಾಕಿಗಳು ಕಳಿಸುವ ಪಿಡಿಎಫ್, ಫೋಟೋ ಕೆಲಸ, ಇಮೇಲ್. ಡಿಸ್ಕಿನ ಮೊದಲ ಪಾರ್ಟಿಷನ್ನಿನಲ್ಲಿ (ಭಾಗದಲ್ಲಿ) 98, ಎರಡನೆಯದರಲ್ಲಿ ಎಕ್ಸ್‌ಪಿ, ನಡುವೆ ಎರಡೂ ಓದಬಲ್ಲ ಫ್ಯಾಟ್ 32 ಪಾರ್ಟಿಷನ್ನು ಎಂದು ತೀರ್ಮಾನವಾಗಿತ್ತು. ದೊಡ್ಡ ಫೋಟೋ ತೆರೆಯುವಾಗ ಎಕ್ಸ್‌ಪಿಗೆ ಒಂದು ಜಿಬಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಕಡ್ಡಿ ಎರಡೂ ಇರಬೇಕು, 98ಕ್ಕೆ ಮಾತ್ರ ಮಿತಿ ಹಾಕಬೇಕು.

ಆ ಮಿತಿ ಹಾಕುವ ಜಾಗ ಸಿಸ್ಟಮ್.ಐಎನ್‌ಐ ಕಡತ. ವಿಂಡೋಸ್ ತೆರೆಯದಿದ್ದರೂ ಅದನ್ನು ತಿದ್ದಬಹುದು: ಚಾಲೂ ಆಗುವಾಗ ಎಫ್8 ಒತ್ತಿ, ಮೆನುವಿನಲ್ಲಿ ಬರಿಯ ಕಮಾಂಡ್ ಪ್ರಾಂಪ್ಟ್ ಆಯ್ದು, ಕಡತದ ಒಂದು ನಕಲು ಇಟ್ಟುಕೊಂಡು, ಡಾಸ್‌ನ ಎಡಿಟ್‌ನಲ್ಲಿ ತೆರೆಯುವುದು. ತೆರೆದು ನೋಡಿದರೆ 386ಎನ್‌ಹೆಚ್ ವಿಭಾಗದಲ್ಲಿ ಆಗಲೇ ಒಂದು ಸಾಲು ಇತ್ತು. ಮ್ಯಾಕ್ಸ್‌ಫಿಸ್‌ಪೇಜ್ ಸಮ 131072.

ಮುಂಚೆ ಬಂದು ನೋಡಿದ್ದ ತಂತ್ರಜ್ಞರು ಸರಿಯಾದ ದಾರಿಯಲ್ಲೇ ಇದ್ದರು. ವಿಂಡೋಸ್ 98ಕ್ಕೆ 512 ಎಂಬಿ ದಾಟಿದರೆ ತೊಂದರೆ ಎಂದು ಅವರಿಗೆ ಗೊತ್ತಿತ್ತು. ಈ ಸಾಲು ವಿಂಡೋಸ್ ಬಳಸಬಹುದಾದ ಅತಿ ಮೇಲಿನ ಮೆಮೊರಿ ಪುಟವನ್ನು ಹೇಳುತ್ತದೆ, ಒಂದು ಪುಟ ಎಂದರೆ 4 ಕೆಬಿ ಎಂಬುದೂ ಗೊತ್ತಿತ್ತು. 512 ಎಂಬಿಯನ್ನು 4 ಕೆಬಿಯಿಂದ ಭಾಗಿಸಿದರೆ 131072. ಲೆಕ್ಕ ಸರಿ. ಆದರೆ ಈ ಸಾಲಿನ ಅಂಕಿಯನ್ನು ವಿಂಡೋಸ್ ಹತ್ತರ ಎಣಿಕೆಯಲ್ಲಿ ಓದುವುದಿಲ್ಲ, ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ ಓದುತ್ತದೆ. ಹಾಗೆ ಓದಿದಾಗ 131072 ಎಂದರೆ 12,49,394 ಪುಟಗಳು, ಸುಮಾರು 4.8 ಜಿಬಿ. ಒಂದು ಜಿಬಿ ಇರುವ ಯಂತ್ರಕ್ಕೆ 4.8 ಜಿಬಿಯ ಮಿತಿ ಹಾಕಿದರೆ ಹಾಕದಂತೆಯೇ. ಬರೆಯಬೇಕಾದದ್ದು 20000. ಹದಿನಾರರ ಎಣಿಕೆಯ 20000 ಎಂದರೆ 2 ಗುಣಿಸು 65,536, ಅದೇ 131072 ಪುಟ, ಅದೇ 512 ಎಂಬಿ.

ಆ ಸಾಲನ್ನು ತಿದ್ದಿ, ಎರಡೂ ಕಡ್ಡಿ ಹಾಕಿ ಚಾಲೂ ಮಾಡಿದೆ. ವಿಂಡೋಸ್ ತೆರೆಯಿತು. “ತೆಗೀತ್ರೀ!” ಎಂದು ಮಾಲೀಕರು ಒಳಗೆ ಯಂತ್ರದ ಹತ್ತಿರ ಇದ್ದವರನ್ನೂ ಕೂಗಿ ಕರೆದರು.

ಅಷ್ಟಕ್ಕೇ ಮುಗಿಯಲಿಲ್ಲ. ಮಾಸಪತ್ರಿಕೆಯ ಚಂದಾದಾರರ ವಿಳಾಸಪಟ್ಟಿ ಡಾಸ್‌ನ ಫಾಕ್ಸ್‌ಪ್ರೊ ಪ್ರೋಗ್ರಾಮಿನಲ್ಲಿತ್ತು. ಪೇಜ್‌ಮೇಕರ್ ತೆರೆದಿಟ್ಟು ಆ ಪ್ರೋಗ್ರಾಂ ಒತ್ತಿದರೆ ಒಮ್ಮೆ ತೆರೆಯುತ್ತಿತ್ತು, ಇನ್ನೊಮ್ಮೆ ‘ಮೆಮೊರಿ ಇಲ್ಲ’ ಎನ್ನುತ್ತಿತ್ತು. ಇದೂ ಅದೇ ರೋಗದ ಇನ್ನೊಂದು ಲಕ್ಷಣ. ಡಾಸ್ ಕಿಟಕಿಗೆ ಬೇಕಾದ ವರ್ಚುವಲ್ ಯಂತ್ರಕ್ಕೆ ಕೊನೆಯ ಜಿಬಿಯಲ್ಲಿ ವಿಳಾಸ ಬೇಕು. ವಿಂಡೋಸ್ ತೆರೆಯುವಷ್ಟು ಜಾಗ ಬಿಡಿಸಿದ್ದಾಗಿತ್ತು, ಕೆಲಸ ನಡೆಯುವಷ್ಟು ಬಿಡಿಸಿರಲಿಲ್ಲ. ಚಾಲೂ ಆದ ತಕ್ಷಣ ರಿಪೇರಿ ಆಯಿತೆಂದು ಎದ್ದುಬಿಟ್ಟರೆ ಇಂಥದ್ದು ಉಳಿದುಹೋಗುತ್ತದೆ. ಆ ಯಂತ್ರದ ಮುಂದೆ ದಿನವೂ ಕೂರುವವರು ಮಾಡುವ ಕೆಲಸವನ್ನೇ ಮಾಡಿ ನೋಡಬೇಕು.

ಎರಡು ಬದಲಾವಣೆ ಮಾಡಿದೆ. ಬಯೋಸ್‌ನಲ್ಲಿ 256 ಇದ್ದ ಎಜಿಪಿ ಅಪರ್ಚರನ್ನು 64ಕ್ಕೆ ಇಳಿಸಿದೆ; ಪುಟ ಕಟ್ಟುವ ಯಂತ್ರಕ್ಕೆ ಮೂರು ಆಯಾಮದ ಆಟದ ಅಗತ್ಯವಿಲ್ಲ. ಸಿಸ್ಟಮ್.ಐಎನ್‌ಐಯ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಸಮ 131072 ಎಂದು ಬರೆದೆ. ಗಮನಿಸಿ, ಅಂಕಿ ಮತ್ತೆ 131072, ಆದರೆ ಈ ಸಾಲು ಓದುವುದು ಹತ್ತರ ಎಣಿಕೆಯಲ್ಲಿ, ಲೆಕ್ಕ ಕೆಬಿಯಲ್ಲಿ. ಹಾಗಾಗಿ ಇಲ್ಲಿ ಅದು 128 ಎಂಬಿ. ಒಂದೇ ಕಡತದ ಎರಡು ಸಾಲುಗಳು, ಒಂದಕ್ಕೆ ಹದಿನಾರರ ಎಣಿಕೆಯ ಪುಟ, ಇನ್ನೊಂದಕ್ಕೆ ಹತ್ತರ ಎಣಿಕೆಯ ಕೆಬಿ. ಹಳೆಯ ವ್ಯವಸ್ಥೆಗಳಲ್ಲಿ ಜನ ಎಡವುವುದು ಬಹಳ ಸಲ ಇಂಥ ಅಳತೆಗಳಲ್ಲೇ.

ಮೈಕ್ರೋಸಾಫ್ಟ್ ಹೇಳಿದ ಮೇಲ್ಮಿತಿ 524288, ಅಂದರೆ 512 ಎಂಬಿ. ಅಷ್ಟು ಕೊಡುವ ಬದಲು 128 ಎಂಬಿ ಆಯ್ದದ್ದು ನನ್ನ ನಿರ್ಧಾರ. ಪ್ರೆಸ್ಸಿನ ಹಳೆಯ ಯಂತ್ರದಲ್ಲಿ ಒಟ್ಟು ರ‍್ಯಾಮೇ ಅಷ್ಟಿತ್ತು, ಪಂಚಾಂಗದ ಅತಿ ದೊಡ್ಡ ಕಡತವೂ ಅದರಲ್ಲಿ ಸಲೀಸಾಗಿ ಓಡಿತ್ತು. ಕ್ಯಾಶ್ ದೊಡ್ಡದಾದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಇಲ್ಲಿ ಬೇಕಾದದ್ದು ಬಿಡುವಿನ ವಿಳಾಸ. ಅದಾದ ಮೇಲೆ ಪೇಜ್‌ಮೇಕರ್, ಫಾಕ್ಸ್‌ಪ್ರೊ, ಪ್ರಿಂಟು ಎಲ್ಲವನ್ನೂ ಒಟ್ಟಿಗೆ ಇಡೀ ದಿನ ಓಡಿಸಿದೆವು, ಸಂದೇಶ ಮರಳಿ ಬರಲಿಲ್ಲ.

ಲಾಕ್‌ನದು ಸಣ್ಣ ಕೆಲಸ. ಬಯೋಸ್‌ನಲ್ಲಿ ಪ್ಯಾರಲಲ್ ಪೋರ್ಟು ಇಸಿಪಿ ಎಂಬ ವೇಗದ ವಿಧಾನದಲ್ಲಿತ್ತು. ಸಾಮಾನ್ಯ ವಿಧಾನಕ್ಕೆ ತಂದ ಮೇಲೆ ಲಾಕ್ ಸಿಕ್ಕಿತು, ಕನ್ನಡ ಮೂಡಿತು.

ಇದೇ ಜಾತಿಯ ಬೇರೆ ತಕರಾರುಗಳು

‘ಮೆಮೊರಿ ಸಾಲದು’ ಎಂಬ ಸಂದೇಶ ಹೆಚ್ಚು ಮೆಮೊರಿ ಇರುವಾಗಲೇ ಬಂದರೆ, ಕಾರಣ ಯಾವಾಗಲೂ ವಿಕ್ಯಾಶ್ ಎಂದಲ್ಲ. ಹಳೆಯ ಕೆಲವು ಪ್ರೋಗ್ರಾಂಗಳು ಮೆಮೊರಿಯ ಅಥವಾ ಡಿಸ್ಕಿನ ಖಾಲಿ ಜಾಗವನ್ನು ಧನ-ಋಣ ಚಿಹ್ನೆಯಿರುವ 32 ಬಿಟ್ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತವೆ. ಅದರ ಮೇಲ್ಮಿತಿ 2 ಜಿಬಿ. ಅದನ್ನು ದಾಟಿದರೆ ಸಂಖ್ಯೆ ಋಣಕ್ಕೆ ತಿರುಗುತ್ತದೆ, ಪ್ರೋಗ್ರಾಂ ಅದನ್ನು ಸೊನ್ನೆಗಿಂತ ಕಡಿಮೆ ಎಂದು ಓದಿ ಜಾಗವಿಲ್ಲ ಎಂದುಬಿಡುತ್ತದೆ. ಅಂಥದ್ದಕ್ಕೆ ಸಿಸ್ಟಮ್.ಐಎನ್‌ಐ ಮದ್ದಲ್ಲ, ಸಣ್ಣ ಪಾರ್ಟಿಷನ್ನಿನಲ್ಲಿ ಹಾಕಿ ನೋಡಬೇಕು, ಅಥವಾ ಕಡಿಮೆ ಮೆಮೊರಿಯ ವರ್ಚುವಲ್ ಯಂತ್ರದಲ್ಲಿ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡದಿರುವುದು ಬೇರೆಯೇ ವಿಷಯ, ಅಲ್ಲಿ ಮೆಮೊರಿಯ ಪ್ರಶ್ನೆಯೇ ಇಲ್ಲ.

ವರ್ಚುವಲ್ ಯಂತ್ರದ ಮಾತು ಈ ಪ್ರೆಸ್ಸಿನಲ್ಲೂ ಬಂದಿತ್ತು. ಲಾಕ್ ಇಲ್ಲದ ತಂತ್ರಾಂಶ ಬಳಸುವವರಿಗೆ ಅದೇ ಒಳ್ಳೆಯ ದಾರಿ ಎಂದು ನನಗನಿಸುತ್ತದೆ: ಹೊಸ ಕಂಪ್ಯೂಟರಿನೊಳಗೆ 128 ಅಥವಾ 256 ಎಂಬಿ ಮಾತ್ರ ಕೊಟ್ಟು ವಿಂಡೋಸ್ 98 ಕೂರಿಸಿದರೆ ಈ ತಲೆನೋವೇ ಹುಟ್ಟುವುದಿಲ್ಲ. ಇಲ್ಲಿ ಪ್ಯಾರಲಲ್ ಪೋರ್ಟಿನ ಲಾಕ್ ಆ ದಾರಿಯನ್ನು ಮುಚ್ಚಿತ್ತು. ನಿಜವಾದ ಪೋರ್ಟಿರುವ ನಿಜವಾದ ಯಂತ್ರವೇ ಬೇಕಿತ್ತು.

ಸಿಕ್ಕ ಸಮಯದಲ್ಲಿ ಆಗಬೇಕಾದದ್ದು

ಪಂಚಾಂಗ ಹೊತ್ತಿಗೆ ಸರಿಯಾಗಿ ಅಚ್ಚಾಯಿತು. ಆದರೆ ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2006ರ ಜುಲೈನಲ್ಲಿ, ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಈ ಬೋರ್ಡಿನ ಕೆಪಾಸಿಟರುಗಳೂ ಎಂದೋ ಉಬ್ಬುತ್ತವೆ, ಲಾಕ್ ಕೆಟ್ಟರೆ ಬದಲಿ ಸಿಗುವುದಿಲ್ಲ. ಆದ್ದರಿಂದ ಯಂತ್ರ ನಡೆಯುತ್ತಿರುವಾಗಲೇ ಕಡತಗಳನ್ನು ಹೊರತೆಗೆಯಬೇಕೆಂದು ಮಾಲೀಕರಿಗೆ ಒತ್ತಿ ಹೇಳಿದೆ, ಅವರೂ ಒಪ್ಪಿದರು.

ಹೊರತೆಗೆಯುವ ದಾರಿ ಇದೆ. ಪೇಜ್‌ಮೇಕರ್ 6.0 ಮತ್ತು ಅದರ ಮೇಲಿನ ಆವೃತ್ತಿಗಳ ಕಡತಗಳನ್ನು, ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್‌ನ ಸಿಎಸ್6 ವರೆಗಿನ ಆವೃತ್ತಿಗಳು ತೆರೆಯುತ್ತವೆ. ಆಮೇಲಿನ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಅಂದರೆ ಇಲ್ಲೂ ನಡುವಿನ ಕಾಲದ ಒಂದು ಸಾಫ್ಟ್‌ವೇರ್ ಬೇಕು. ಅಲ್ಲಿಂದ ಬರೀ ಪಠ್ಯ ತೆಗೆದು, ಆ ಫಾಂಟಿನ ಸಂಕೇತಕ್ರಮಕ್ಕೆ ಹೊಂದುವ ಪರಿವರ್ತಕದಲ್ಲಿ ಯೂನಿಕೋಡ್ ಮಾಡಬೇಕು.

ಪರಿವರ್ತಕ ಎಡವುವ ಜಾಗಗಳು ಗೊತ್ತಿರುವಂಥವೇ. ಹಳೆಯ ಫಾಂಟುಗಳಲ್ಲಿ ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸಿರುತ್ತಾರೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಹಳೆಯ ಕಡತದಲ್ಲಿ ಯಕಾರದ ನಂತರ ಇದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪಂಚಾಂಗದಲ್ಲಿ ಇಂಥ ಪದ ಪುಟಪುಟಕ್ಕೂ. ತಿಥಿ, ನಕ್ಷತ್ರಗಳ ಘಳಿಗೆ ಲೆಕ್ಕದ ಕೋಷ್ಟಕಗಳಲ್ಲಿ ಟ್ಯಾಬ್ ಒಂದು ಕಾಲಂ ಸರಿದರೆ ಅಂಕಿಯೇ ತಪ್ಪುತ್ತದೆ, ಅದನ್ನು ಯಾವ ಪರಿವರ್ತಕವೂ ಹಿಡಿಯದು. ಹಾಗಾಗಿ ಪ್ರತಿ ಪುಟಕ್ಕೂ ವಿಂಡೋಸ್ 98ರಿಂದಲೇ ಒಂದು ಪ್ರಿಂಟ್ ತೆಗೆದಿಟ್ಟು, ಪರಿವರ್ತಿಸಿದ ಪಠ್ಯವನ್ನು ಅದರೊಡನೆ ಹೋಲಿಸುತ್ತಿದ್ದಾರೆ. ಡಿಟಿಪಿ ಮಾಡುವ ಅಕ್ಕಾರು ಆ ಹೊಣೆ ಹೊತ್ತಿದ್ದಾರೆ. ಯಾವ ಒತ್ತಕ್ಷರ ಯಾವ ಕೀಲಿಯಲ್ಲಿತ್ತು ಎಂದು ಕಡತ ನೋಡದೆಯೇ ಹೇಳಬಲ್ಲವರು ಅವರು.

“ಮೊದಲು ಪುಸ್ತಕ ಮಾಡೂನ್ರಿ. ಪಂಚಾಂಗ ವರ್ಷಾ ಹೊಸಾದು ಬರ್ತೈತಿ, ಬರದವರು ಇಲ್ಲದ ಪುಸ್ತಕ ಹೋದ್ರ ಹೋತು” ಎಂದು ಕೆಲಸದ ಕ್ರಮ ಹೇಳಿದವರೂ ಅವರೇ. ಅದರಂತೆ ಹಸ್ತಪ್ರತಿ ಉಳಿದಿಲ್ಲದ ಪುಸ್ತಕಗಳ ಪಟ್ಟಿ ಮೊದಲು ತಯಾರಾಯಿತು. ಆ ಕಡತಗಳ ಒಂದು ನಕಲು ಬೇರೆ ಡಿಸ್ಕಿಗೆ ಹೋಗಿದೆ, ಪರಿವರ್ತನೆ ನಡೆದಿದೆ. ಸಿಸ್ಟಮ್.ಐಎನ್‌ಐಯ ಎರಡು ಸಾಲು, ಬಯೋಸ್‌ನ ಎರಡು ಬದಲಾವಣೆ, ಯಾವುದು ಯಾವ ಎಣಿಕೆಯಲ್ಲಿದೆ ಎಂಬ ವಿವರ, ಇಷ್ಟನ್ನೂ ಕನ್ನಡದಲ್ಲಿ ಟೈಪ್ ಮಾಡಿಸಿ ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದೇವೆ, ಮುಂದೆ ಅದನ್ನು ಬಿಚ್ಚುವವರಿಗಾಗಿ.